ಎರಡನೇ ಸಲ ಕೇಳದವರು

ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಪಾಯಸ ಬಂದಾಗ ಮೊದಲ ಸಲ ಬೇಡ ಅನ್ನಬೇಕು. ಇದನ್ನು ಯಾರೂ ಕಲಿಸಿದ್ದಲ್ಲ, ಆದರೆ ಆಲೆಟ್ಟಿಯಿಂದ ಕುಂಬ್ರದವರೆಗೆ ಎಲ್ಲರಿಗೂ ಗೊತ್ತು. ಎಲೆಯ ಮೇಲೆ ಕೈ ಅಡ್ಡ ಹಿಡಿದು "ಬೇಡ, ಬೇಡ, ಸಾಕು" ಅನ್ನುವುದು ಉಣ್ಣುವವರ ಕೆಲಸ. "ಚೂರು ಹಾಕಿಸಿಕೊಳ್ಳಿ, ಚೂರು" ಅನ್ನುವುದು ಬಡಿಸುವವರ ಕೆಲಸ. ಎರಡನೇ ಸಲ ಕೇಳಿದ ಮೇಲೆ ಅಡ್ಡ ಹಿಡಿದ ಕೈ ತನ್ನಷ್ಟಕ್ಕೆ ಪಕ್ಕಕ್ಕೆ ಸರಿಯುತ್ತದೆ. ಮೊದಲ ಸಲಕ್ಕೇ "ಹಾಕಿ" ಅಂದವರನ್ನು ಜನ ಮರೆಯುವುದಿಲ್ಲ. ನನ್ನನ್ನು ಮರೆತಿಲ್ಲ. ಮದುವೆಯಾಗಿ ಮೂರನೇ ದಿನ ಗಂಡನ ಮನೆಯಲ್ಲಿ ಎರಡು ಸಲ ಹಾಕಿ ಅಂದಿದ್ದೆ. ಇವತ್ತಿಗೂ ಯಾವ ಮನೆಯ ಊಟಕ್ಕೆ ಹೋದರೂ ನನ್ನ ಎಲೆಯ ಮುಂದೆ ಯಾರಾದರೂ ನಗುತ್ತಾರೆ. ನಗಲಿ. ಪಾಯಸ ನನ್ನ ಹೊಟ್ಟೆಯಲ್ಲಿ ಇರುತ್ತದೆ.

ನಾನು ದಮಯಂತಿ. ಆಲೆಟ್ಟಿಯಲ್ಲಿ ಹುಟ್ಟಿದವಳು, ರಾಮಕುಂಜದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮಕ್ಕಳು ಹೇಳುತ್ತಾರೆ. ಹೇಳಿದವರು ಯಾರೆಂದು ಗೊತ್ತಾದರೆ ಇನ್ನೂ ಬೇಗ ಬರುತ್ತದೆ. ಈಗ ಹೇಳಹೊರಟದ್ದು ನನ್ನ ವಿಷಯ ಅಲ್ಲ, ಪುತ್ತೂರಿನಲ್ಲಿ ಬಿಎಸ್ಸಿ ಓದುವಾಗ ಮೂರು ವರ್ಷ ನನ್ನ ಪಕ್ಕದಲ್ಲಿ ಕೂತಿದ್ದ ದೇವಕಿಯ ವಿಷಯ.

ದೇವಕಿಗೆ ಈಗ ನಲವತ್ತೈದು. ಕುಂಬ್ರ ಜಂಕ್ಷನ್ನಿನಲ್ಲಿ ಅವಳ ಗಂಡ ರಾಮಪ್ರಸಾದರಿಗೆ ಪಂಪ್ ರಿಪೇರಿಯ ಅಂಗಡಿ ಉಂಟು. ಮಗಳು ಸಾಕ್ಷಿ ಮೈಸೂರಿನಲ್ಲಿ ಓದುತ್ತಿದ್ದಾಳೆ, ಮಗ ಅಭಿರಾಮ್ ಪಿಯುಸಿ. ಇಷ್ಟೇ ಹೇಳಿದರೆ ಊರಿನ ಹತ್ತು ಹೆಂಗಸರ ಪೈಕಿ ಒಬ್ಬಳಾದಳು. ಆದರೆ ಅವಳ ಮನೆಯ ಹಿಂದಿನ ಗೋಡೆ ನೋಡಬೇಕು. ಕುಂಬ್ರದಲ್ಲಿ ಮಳೆಗಾಲಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ತೊಳೆಯದ ಮನೆ ಅದೊಂದೇ. ಗೋಡೆಯ ಬುಡದಲ್ಲಿ ಐಸ್‌ಕ್ರೀಮಿನ ಖಾಲಿ ಡಬ್ಬಿಗಳು ಸಾಲಾಗಿ ಇವೆ, ಒಂದೊಂದರಲ್ಲಿ ಒಂದೊಂದು ಜಾತಿಯ ಪಾಚಿ. ಬೇಸಗೆಯಲ್ಲಿ ಅವಳು ಅವಕ್ಕೆ ದಿನಾ ಸಂಜೆ ಕೈಯಿಂದ ನೀರು ಚಿಮುಕಿಸುತ್ತಾಳೆ. ಪ್ರಸಾದಣ್ಣ ಆ ಅಂಗಳದಲ್ಲಿ ಎರಡು ಸಲ ಜಾರಿ ಬಿದ್ದಿದ್ದಾರೆ. ಎರಡನೇ ಸಲ ಬಿದ್ದಾಗ ಕೈಗೆ ಕಟ್ಟು ಹಾಕಿಸಿಕೊಂಡು ಬಂದು, "ಸೈನ್ಸಿಗೆ ನನ್ನದೂ ಒಂದು ಕೈ ಇರ್ಲಿ" ಅಂದಿದ್ದರು.

ಈ ಪಾಚಿಯ ಹುಚ್ಚು ಹತ್ತಿಸಿದ್ದು ನಮಗೆ ಸಸ್ಯಶಾಸ್ತ್ರ ಹೇಳಿದ ಚನಿಯಪ್ಪ ಮಾಸ್ಟ್ರು. ಅವರು ಒಂದು ದಿನ ಪಾಚಿಯ ಎಲೆಯೊಂದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಸರದಿಯ ಪ್ರಕಾರ ನೋಡಲು ಹೇಳಿದರು. ನಾನು ನೋಡಿದೆ, ಹಸಿರು ಕಂಡಿತು, ಎದ್ದೆ. ದೇವಕಿ ನೋಡಿದಳು, ಏಳಲಿಲ್ಲ. ಹಿಂದೆ ನಿಂತಿದ್ದವರು ಬೈದರೂ ಏಳಲಿಲ್ಲ. ಅವತ್ತು ಸಂಜೆ ಹಾಸ್ಟೆಲಿಗೆ ಹೋಗುವಾಗ ದಾರಿಯ ಮೋರಿಯ ಕಲ್ಲನ್ನು ಬಗ್ಗಿ ನೋಡುತ್ತಾ ಬಂದಳು. ಆಮೇಲೆ ಅವಳ ಜೊತೆ ಎಲ್ಲಿಗೆ ಹೋಗುವುದೂ ತಡವೇ.

ಅಷ್ಟು ಇಷ್ಟ ಇದ್ದವಳು ಎಂಎಸ್ಸಿ ಯಾಕೆ ಮಾಡಲಿಲ್ಲ ಎಂದು ಕೇಳಿದರೆ ಅವಳದ್ದು ಒಂದೇ ಉತ್ತರ. "ಅಪ್ಪ ಕೇಳಿದ್ರು. ನಾನೇ ಬೇಡ ಅಂದೆ." ಇಷ್ಟು ವರ್ಷ ನಾನು ಅದನ್ನು ನಂಬಿದ್ದೆ. ಮಕ್ಕಳಿಗೆ ಪಾಠ ಹೇಳುವವರು ಎಷ್ಟು ದಡ್ಡರಿರುತ್ತಾರೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹೋದ ವರ್ಷ ನಮ್ಮ ತಾಲೂಕಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರಕ್ಕೆ ಎಂಎಸ್ಸಿ ಶುರುವಾಯಿತು. ಹೆಸರು ಹೇಳುವುದಿಲ್ಲ, ನಾಳೆ ಅವರ ಎದುರೇ ಓಡಾಡಬೇಕು. ವಯಸ್ಸಿನ ಮಿತಿ ಇಲ್ಲ, ಸಂದರ್ಶನ ಮಾಡಿ ಸೀಟು ಕೊಡುತ್ತೇವೆ ಎಂಬ ಪ್ರಕಟಣೆ ನಮ್ಮ ಟೀಚರುಗಳ ವಾಟ್ಸಾಪ್ ಗುಂಪಿಗೆ ಬಂತು. ನಾನು ಭಾನುವಾರ ಕುಂಬ್ರಕ್ಕೆ ಹೋಗಿ ದೇವಕಿಗೆ ತೋರಿಸಿದೆ.

"ಛೆ, ನನಗೆ ಬೇಡಪ್ಪ," ಅಂದಳು. "ಈ ಪ್ರಾಯದಲ್ಲಿ ಎಂತ ಎಂಎಸ್ಸಿ!"

"ಅರ್ಜಿ ಹಾಕಿ ನೋಡು ಮಾರಾಯ್ತಿ," ಅಂದೆ.

ನನ್ನ ಮಾತು ಮುಗಿಯುವಷ್ಟರಲ್ಲಿ ಒಳಗೆ ಹೋಗಿ ಮಾರ್ಕ್ಸ್ ಕಾರ್ಡುಗಳನ್ನು ತಂದು ಮೇಜಿನ ಮೇಲಿಟ್ಟಳು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇದ್ದವು. ಕವರು ಹೊಸದು. ನನಗೆ ಆಗಲೇ ಅರ್ಥವಾಗಬೇಕಿತ್ತು.

ಅರ್ಜಿಯ ಜೊತೆ ಹಿಂದೆ ಕಲಿಸಿದವರ ಒಂದು ಶಿಫಾರಸು ಪತ್ರ ಬೇಕಿತ್ತು. ಆಲೆಟ್ಟಿಯಲ್ಲಿರುವ ಚನಿಯಪ್ಪ ಮಾಸ್ಟ್ರ ಮನೆಗೆ ಇಬ್ಬರೂ ಹೋದೆವು. ಅವರು ನಿವೃತ್ತರಾಗಿ ಹದಿನೈದು ವರ್ಷ ಮೇಲಾಯಿತು. ನನ್ನನ್ನು ನೋಡಿದ ಕೂಡಲೇ ಗುರುತಿಸಿ, "ನೀನು ಸ್ಲೈಡ್ ಒಡೆದವಳಲ್ವಾ?" ಅಂದರು. ದೇವಕಿಯನ್ನು ನೆನಪಿಸಿಕೊಳ್ಳಲು ಎರಡು ಲೋಟ ಕಾಫಿ ಆಗುವಷ್ಟು ಹೊತ್ತು ಬೇಕಾಯಿತು. ಕೊನೆಗೆ ನೆನಪಾಗಿ ಪತ್ರ ಬರೆದು ಗಟ್ಟಿಯಾಗಿ ಓದಿ ಹೇಳಿದರು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ಈಕೆ ಮೂರು ವರ್ಷದಲ್ಲಿ ಯಾವತ್ತೂ ಏನನ್ನೂ ಬೇಕೆಂದು ಕೇಳಿದವಳಲ್ಲ. ಮಾಸ್ಟ್ರು ಅದನ್ನು ಹೊಗಳಿಕೆ ಎಂದೇ ಬರೆದದ್ದು, ದೇವಕಿಯೂ ಹೊಗಳಿಕೆ ಎಂದೇ ತಿಳಿದು ನಾಚಿಕೊಂಡಳು.

ಸಂದರ್ಶನಕ್ಕೆ ಕರೆ ಬಂತು. ನಾನು ಶಾಲೆಗೆ ರಜೆ ಹಾಕಿ ಜೊತೆಗೆ ಹೋದೆ. ಹೊರಗಿನ ಬೆಂಚಿನಲ್ಲಿ ಕೂತಿದ್ದ ಹುಡುಗಿಯರೆಲ್ಲ ಸಾಕ್ಷಿಯ ಪ್ರಾಯದವರು. ಅದರಲ್ಲಿ ಆಯಿಶತ್ ಶಿಫಾ ಎನ್ನುವವಳು ಎದ್ದು ದೇವಕಿಗೆ ಜಾಗ ಬಿಟ್ಟು, "ನಿಮ್ಮ ಮಗಳು ಒಳಗೆ ಹೋಗಿದ್ದಾಳಾ ಆಂಟಿ?" ಅಂತ ಕೇಳಿದಳು. ದೇವಕಿ, "ಇಲ್ಲ, ನಾನೇ ಹೋಗ್ಬೇಕಷ್ಟೆ" ಅಂದಳು. ಹುಡುಗಿ ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಅಕ್ಕ ಅಂತೇನೆ" ಅಂದಳು. ಇಂಥ ಮಕ್ಕಳಿಗೆ ನಾನು ಕೇಳದೆ ಮಾರ್ಕು ಕೊಡುತ್ತೇನೆ.

ಅರ್ಧ ಗಂಟೆ ಕಳೆದು ದೇವಕಿ ನಗುನಗುತ್ತಾ ಹೊರಗೆ ಬಂದಳು.

"ಹೇಗಾಯ್ತು?"

"ಲಾಯ್ಕಾಯ್ತು. ಮೂರು ಜನ ಇದ್ರು. ಹೆಡ್ಡು ಬಿರಾದಾರ ಅಂತ, ವಿಜಯಪುರದ ಕಡೆಯವರು. ಹೊಸತು ವಿಷಯ ಕೆಲವು ಕೇಳಿದ್ರು, ಗೊತ್ತಿಲ್ಲ ಅಂದೆ. ಪಾಚಿದ್ದು ಕೇಳಿದ್ರು, ಹೇಳಿದೆ. ಅವರಿಗೆ ಖುಷಿ ಆಯ್ತು ಕಾಣ್ತದೆ. ಕೊನೆಗೆ, ಒಂದು ಸೀಟು ನಿಮಗೆ ಕೊಡ್ಬಹುದು, ಬೇಕಾ ಅಂತ ಕೇಳಿದ್ರು."

ನನ್ನ ಎದೆ ಹೂವಾಯಿತು. "ನೀನು ಎಂತ ಹೇಳಿದೆ?"

"ಬೇಡ ಅಂದೆ."

ನಾನು ಅವಳ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

"ಅಯ್ಯೋ ಬೇಡ ಸರ್, ಸಣ್ಣ ಮಕ್ಕಳು ಹೊರಗೆ ಕಾಯ್ತಾ ಇದ್ದಾರೆ, ಅವರಿಗೆ ಕೊಡಿ ಅಂದೆ," ಅಂದಳು. "ಮತ್ತೆ ಎಂತ ಹೇಳುದು? ಕೇಳಿದ ಕೂಡ್ಲೇ ಬೇಕು ಅಂತ ಕೈ ಚಾಚ್ಲಿಕ್ಕೆ ಆಗ್ತದಾ?"

"ಅದಕ್ಕೆ ಅವರು ಎಂತ ಹೇಳಿದ್ರು?"

"ಸರಿ ಅಂದ್ರು. ಎಂತದೋ ಬರ್ಕೊಂಡ್ರು. ಇನ್ನೊಮ್ಮೆ ಕೇಳ್ತಾರೆ, ನೋಡು."

ಆ ಮೂವರಲ್ಲಿ ನಮ್ಮ ಊರಿನವರು ಒಬ್ಬರೇ, ಝಾಕಿರ್ ಅನ್ನುವ ಲೆಕ್ಚರರು. ಅವರಿಗೆ ಫೋನು ಬಂತೆಂದು ಸರಿಯಾಗಿ ಆ ಹೊತ್ತಿಗೆ ಹೊರಗೆ ಹೋಗಿದ್ದರಂತೆ. ಉಳಿದ ಇಬ್ಬರು ಬೇಡ ಅಂದರೆ ಬೇಡ ಎಂದು ತಿಳಿಯುವ ಜನ. ನಾನು ಕೂಡಲೇ ಒಳಗೆ ಹೋಗಿ ಹೇಳು ಎಂದು ದೂಡಿದೆ. ಅವಳು ಕಂಬ ಹಿಡಿದುಕೊಂಡಳು. ಬಸ್ಸಿನಲ್ಲಿ ಪುತ್ತೂರು ಬರುವವರೆಗೆ ನಾನು ಅವಳ ಜೊತೆ ಮಾತಾಡಲಿಲ್ಲ. ಆಮೇಲೆ ಆಡಿದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಗು ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬಲ್ಲಿಗೆ ಮುಗಿಸಿದೆ. ಅವಳು ಎಲ್ಲ ಕೇಳಿ, "ಇಲ್ಲ ದಮಯಂತಿ, ದೊಡ್ಡವರು, ಇನ್ನೊಮ್ಮೆ ಕೇಳ್ತಾರೆ" ಅಂದಳು.

ಅವರು ಕೇಳಲಿಲ್ಲ. ಆಯ್ಕೆಯಾದವರ ಹೆಸರು ಬಂತು. ಆಯಿಶತ್ ಶಿಫಾಳದ್ದು ಇತ್ತು, ದೇವಕಿಯದ್ದು ಇರಲಿಲ್ಲ.

ನಾಲ್ಕೈದು ದಿನ ಕಳೆದು ಪ್ರಸಾದಣ್ಣ ನನಗೆ ಫೋನು ಮಾಡಿದರು. ಅವರು ಪಂಪು ಕೆಟ್ಟರೂ ಸಂಬಂಧಿಕರು ತೀರಿಹೋದರೂ ಒಂದೇ ದನಿಯಲ್ಲಿ ಮಾತಾಡುವವರು. ಅವತ್ತು ದನಿ ಸ್ವಲ್ಪ ಬೇರೆ ಇತ್ತು.

"ಟೀಚರೇ, ಅವಳು ಗೋಡೆಗೆ ಬ್ಲೀಚಿಂಗ್ ಪೌಡರ್ ತರ್ಲಿಕ್ಕೆ ಹೇಳಿದ್ದಾಳೆ."

"ನೀವು ತಂದ್ರಾ?"

"ಅಂಗಡಿಯಲ್ಲಿ ಸಿಕ್ಕುದಿಲ್ಲ ಅಂತ ಹೇಳಿದ್ದೇನೆ. ಕುಂಬ್ರದಲ್ಲಿ ಬ್ಲೀಚಿಂಗ್ ಪೌಡರ್ ಸಿಕ್ಕುದಿಲ್ಲ ಅಂತ ಎಷ್ಟು ದಿನ ಹೇಳುದು? ನೀವು ಒಮ್ಮೆ ಬನ್ನಿ." ಅಲ್ಲಿಗೆ ನಿಲ್ಲಿಸದೆ ಮುಂದುವರಿಸಿದರು. "ನಾವು ಹೆಣ್ಣು ನೋಡ್ಲಿಕ್ಕೆ ಹೋದಾಗಲೂ ಅವಳು ಬೇಡ ಅಂದಿದ್ಳು, ಗೊತ್ತುಂಟಾ ನಿಮಗೆ? ನನ್ನ ಅಮ್ಮ ಇನ್ನೊಮ್ಮೆ ಕೇಳಿದ್ರು. ಹಾಗಾಗಿ ಮದುವೆ ಆಯ್ತು. ಅಮ್ಮ ಇದ್ದಿದ್ರೆ ಕಾಲೇಜಿಗೂ ಅವರನ್ನೇ ಕಳ್ಸಬಹುದಿತ್ತು."

ಮರುವಾರ ಚೌತಿ. ದೇವಕಿಯ ತವರು ಮನೆ ನಮ್ಮ ಶಾಲೆಯಿಂದ ದೂರ ಇಲ್ಲ. ಅವಳ ಅಪ್ಪ ತಿರುಮಲೇಶ್ವರ ಭಟ್ಟರಿಗೆ ಎಪ್ಪತ್ತೊಂಬತ್ತು ವರ್ಷ. ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಇದ್ದಾರೆ, ಗಟ್ಟಿ ಇದ್ದಾರೆ. ಎಲ್ಲರಿಗೂ ಉಪದೇಶ ಮಾಡುವಷ್ಟು ಗಟ್ಟಿ. ಪ್ರತಿ ಚೌತಿಗೆ ನನಗೂ ಅಲ್ಲಿ ಊಟಕ್ಕೆ ಹೇಳಿಕೆ ಇರುತ್ತದೆ. ದೇವಕಿ ಬಂದಿದ್ದಳು, ಬಡಿಸುತ್ತಿದ್ದಳು. ಒಳಗಿನ ಚಾವಡಿಯಲ್ಲಿ ಎಲೆ ಹಾಕಿ ಭಟ್ಟರು ನಡುವೆ ಕೂತಿದ್ದರು. ಅವರಿಗೆ ಪಾಯಸ ಅಂದರೆ ಪ್ರಾಣ. ಊರಿಗೆಲ್ಲ ಗೊತ್ತಿರುವ ವಿಷಯ.

ದೇವಕಿ ಪಾಯಸದ ಪಾತ್ರೆ ಹಿಡಿದು ಬಂದು, "ಅಪ್ಪ, ಪಾಯಸ?" ಅಂದಳು.

"ಬೇಡ, ಬೇಡ," ಅಂದು ಭಟ್ಟರು ಕೈ ಅಡ್ಡ ಹಿಡಿದರು.

ದೇವಕಿ ಮುಂದೆ ಹೋದಳು.

ಭಟ್ಟರ ಕೈ ಎಲೆಯ ಮೇಲೆಯೇ ಇತ್ತು. ಪಾತ್ರೆ ನನ್ನ ಎಲೆಗೆ ಬಂತು. ನಾನು ಎಂದಿನಂತೆ ಹಾಕು ಅಂದೆ, ಹಾಕಿದಳು. ಆಚೆಯವರಿಗೆ ಹಾಕಿದಳು. ಪಂಕ್ತಿಯ ತುದಿಗೆ ಮುಟ್ಟಿದಳು. ಭಟ್ಟರು ಕೈ ತೆಗೆದು, ಎಲೆ ನೋಡಿ, ಮಗಳನ್ನು ನೋಡಿ, "ಇದೆಂತ ಮಗಳೇ, ಒಂದೇ ಸಲ ಕೇಳುದಾ?" ಅಂದರು. ನಾನಿದ್ದೇನೆಂದು ಮನೆಮಾತು ಬಿಟ್ಟು ಕನ್ನಡದಲ್ಲೇ ಹೇಳಿದರು. ನಗುತ್ತಲೇ ಹೇಳಿದ್ದು.

ದೇವಕಿ ಅಲ್ಲೇ ನಿಂತಳು. ಅವಳು ಬೇಕೆಂದು ಮಾಡಿದ್ದಲ್ಲ ಎಂದು ಆಮೇಲೆ ನನ್ನ ಹತ್ತಿರ ಆಣೆ ಹಾಕಿದ್ದಾಳೆ. ಆ ವಾರವೆಲ್ಲ ಅವಳ ಮನಸ್ಸು ಎಲ್ಲಿಯೋ ಇತ್ತು, ಕೈ ಮಾತ್ರ ಬಡಿಸುತ್ತಿತ್ತು. ಆದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ಅವಳ ಬಾಯಿಂದ ಉತ್ತರ ತಾನಾಗಿ ಬಂತು.

"ನೀವು ಎಂಎಸ್ಸಿಗೆ ನನ್ನ ಹತ್ತಿರ ಒಂದೇ ಸಲ ಕೇಳಿದ್ದಲ್ವಾ ಅಪ್ಪ?"

ಯಾರೂ ಉಣ್ಣಲಿಲ್ಲ. ನಾನು ಕೂಡ ಉಣ್ಣಲಿಲ್ಲ ಅಂದರೆ ಸನ್ನಿವೇಶ ನಿಮಗೆ ಅಂದಾಜಾಗಬಹುದು. ಭಟ್ಟರು ಎಲೆಯನ್ನು ಸರಿಮಾಡಿಕೊಂಡು ಕೂತರು. ಈಗ ಒಂದು ಉಪದೇಶ ಬರುತ್ತದೆ ಎಂದುಕೊಂಡೆ. ಹಾಗೆ ಬಂದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ತಯಾರಿಯನ್ನೂ ಮಾಡಿಕೊಂಡೆ.

"ಗೊತ್ತಿತ್ತು," ಅಂದರು ಭಟ್ಟರು. "ಇನ್ನೊಮ್ಮೆ ಕೇಳಿದ್ರೆ ನೀನು ಹೂಂ ಅಂತಿ ಅಂತ ಗೊತ್ತಿತ್ತು. ಹಾಗಾಗಿ ಕೇಳ್ಲಿಲ್ಲ."

ನಾನು ತಯಾರು ಮಾಡಿಕೊಂಡದ್ದು ಯಾವುದಕ್ಕೂ ಬರಲಿಲ್ಲ.

"ಪ್ರಸಾದನ ಮನೆಯಿಂದ ಮಾತು ಬಂದಿತ್ತು. ಒಳ್ಳೆ ಜನ. ನೀನು ಮಂಗಳೂರಿಗೆ ಹೋದ್ರೆ ಎರಡು ವರ್ಷ ಆಗ್ತದೆ, ಅವರು ಕಾಯುದಿಲ್ಲ ಅಂತ ನನಗೆ ಹೆದರಿಕೆ. ಕೇಳಿದ ಹಾಗೂ ಆಯ್ತು, ನೀನೇ ಬೇಡ ಅಂದ ಹಾಗೂ ಆಯ್ತು. ಊರಿಗೆಲ್ಲ ಹಾಗೇ ಹೇಳ್ದೆ." ಅವರ ದನಿ ಸಣ್ಣದಾಯಿತು. "ನೀನು ಎರಡು ದಿನ ಚಾವಡಿಯಲ್ಲಿ ನನ್ನ ಎದುರೇ ಸುಳಿದಾಡಿದ್ದಿ. ಕೇಳ್ತೇನಾ ಅಂತ ಕಾಯ್ತಾ ಇದ್ದಿ. ನಾನು ತೋಟಕ್ಕೆ ಹೋದೆ."

ದೇವಕಿ ಅತ್ತಳು. ಪಾತ್ರೆಯನ್ನು ಕೆಳಗಿಡದೆ, ನಿಂತಲ್ಲೇ, ಸೆರಗಿಗೆ ಕೈ ಹೋಗದೆ ಅತ್ತಳು. ನನಗೆ ದುಃಖ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಭಟ್ಟರ ಮೇಲೆ. ಆದರೆ ಅವರ ಮುಖ ನೋಡಿದಾಗ ಬೈಯಲು ಬಾಯಿ ಬರಲಿಲ್ಲ. ಅದೂ ನನಗೆ ಅಪರೂಪವೇ. ದೇವಕಿ ತಿರುಗಿ ಬಂದು ಅಪ್ಪನ ಎಲೆಗೆ ಪಾಯಸ ಬಡಿಸಿದಳು. ಕೇಳದೆಯೇ ಬಡಿಸಿದಳು. ಭಟ್ಟರು ಅದನ್ನು ಉಂಡದ್ದನ್ನು ನಾನು ಕಾಣಲಿಲ್ಲ.

ಚೌತಿಯ ಮರುದಿನ ಬೆಳಿಗ್ಗೆ ನಾನು ದೇವಕಿಯನ್ನು ಎಳೆದುಕೊಂಡಾದರೂ ಕಾಲೇಜಿಗೆ ಹೋಗುವುದೆಂದು ಕುಂಬ್ರಕ್ಕೆ ಹೋದರೆ, ಜಂಕ್ಷನ್ನಿನಲ್ಲಿ ಪ್ರಸಾದಣ್ಣನ ಅಂಗಡಿಯ ಬೆಂಚಿನ ಮೇಲೆ ಭಟ್ಟರು ಕೊಡೆ ಹಿಡಿದು ಕೂತಿದ್ದರು. ಈ ಸಲ ಸೀಟು ತಪ್ಪಿದ ವಿಷಯ ಹಿಂದಿನ ರಾತ್ರಿ ಪ್ರಸಾದಣ್ಣನ ಫೋನಿನಿಂದ ಗೊತ್ತಾಗಿ, ಮೊದಲ ಬಸ್ಸಿಗೆ ಬಂದದ್ದಂತೆ. ಒಗೆದ ಅಂಗಿ, ಹೆಗಲಿಗೆ ಶಾಲು. ದೇವಕಿ ಸೀರೆಯುಟ್ಟು ತಯಾರಾಗಿ ಪಕ್ಕದಲ್ಲಿ ನಿಂತಿದ್ದಳು. ನನ್ನ ಎಳೆದಾಟಕ್ಕೆ ಏನೂ ಕೆಲಸ ಉಳಿದಿರಲಿಲ್ಲ. ಸುಮ್ಮನೆ ಜೊತೆಗೆ ಹೋದೆ.

ಬಿರಾದಾರ ಸರ್ ದೇವಕಿಯನ್ನು ಗುರುತಿಸಿದರು. ಝಾಕಿರ್ ಸರ್ ಕೂಡ ಅಲ್ಲಿದ್ದರು.

"ನೀವು ಆವತ್ತ ಸೀಟ ಬ್ಯಾಡ ಅಂದ್ರಲ್ರೀ?" ಅಂದರು ಬಿರಾದಾರ ಸರ್.

ದೇವಕಿ ಅಪ್ಪನನ್ನು ನೋಡಿದಳು. ಭಟ್ಟರು ಕುರ್ಚಿಯಿಂದ ಎದ್ದು ನಿಂತರು.

"ಅವಳು ಮೊದಲ ಸಲ ಕೇಳಿದ್ರೆ ಬೇಡ ಅಂತಾಳೆ ಸರ್. ನಾನೇ ಹಾಗೆ ಬೆಳೆಸಿದ್ದು. ಇನ್ನೊಮ್ಮೆ ಕೇಳ್ಬೇಕಾದವನು ನಾನು, ಕೇಳ್ಲಿಲ್ಲ. ಇಪ್ಪತ್ತಮೂರು ವರ್ಷ ಆಯ್ತು. ನೀವಾದ್ರೂ ಇನ್ನೊಮ್ಮೆ ಕೇಳಿ."

ಝಾಕಿರ್ ಸರ್ ಹಣೆಗೆ ಕೈ ಹೊಡೆದುಕೊಂಡು, "ಸರ್, ನಾನು ಫೋನು ಬಂತು ಅಂತ ಹೊರಗೆ ಹೋಗ್ಬಾರ್ದಿತ್ತು," ಅಂದರು. "ಇಲ್ಲಿ ಬೇಡ ಅಂದ್ರೆ ಅಷ್ಟು ಬೇಗ ಬರ್ದುಕೊಳ್ಳುವ ಹಾಗಿಲ್ಲ. ಚಾ ಬೇಡ ಅಂದವರಿಗೆ ನನ್ನ ಉಮ್ಮ ಚಾ ಕೊಟ್ಟೇ ಕಳ್ಸುದು."

ಬಿರಾದಾರ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಊಟಕ್ಕ ನಮ್ಮ ಕಡೆನೂ ಹಂಗ ಅದರೀ. ಬ್ಯಾಡ ಅಂದ್ರೂ ಇನ್ನೆರಡು ರೊಟ್ಟಿ ಹಾಕ್ತೀವಿ. ಸೀಟಿಗೂ ಹಂಗ ಅಂತ ನನಗ ಗೊತ್ತಿರಲಿಲ್ಲ."

ಸೀಟು ಪಡೆದಿದ್ದ ಒಬ್ಬ ಹುಡುಗ ಬಿಎಡ್ ಸಿಕ್ಕಿತೆಂದು ಬಿಟ್ಟುಹೋಗಿದ್ದನಂತೆ. ಜಾಗ ಖಾಲಿ ಇತ್ತು. ಕಾಯುತ್ತಿರುವವರ ಪೈಕಿ ಅಂಕದಲ್ಲಿ ದೇವಕಿಯೇ ಮುಂದೆ ಇದ್ದಾಳೆಂದು ಝಾಕಿರ್ ಸರ್ ಕಂಪ್ಯೂಟರಿನಲ್ಲಿ ನೋಡಿ ಹೇಳಿದರು. ಬಿರಾದಾರ ಸರ್ ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತು, ಹೊಸದಾಗಿ ಕೇಳುವವರ ಹಾಗೆ ಕೇಳಿದರು.

"ದೇವಕಿಯವರ, ನಿಮಗ ಈ ಸೀಟ ಬೇಕೇನ್ರೀ?"

ನಾನು ಭಟ್ಟರನ್ನು ನೋಡಿದೆ. ಭಟ್ಟರು ಮಗಳನ್ನು ನೋಡಿದರು. ದೇವಕಿಯ ಬಲಗೈ ಸ್ವಲ್ಪ ಮೇಲೆ ಎದ್ದಿತು, ಎಲೆಯ ಮೇಲೆ ಅಡ್ಡ ಹಿಡಿಯುವ ಹಾಗೆಯೇ. ನನ್ನ ಜೀವ ಹೋಯಿತು. ಅವಳು ಆ ಕೈಯನ್ನು ನೋಡಿ ಕೆಳಗಿಳಿಸಿ ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಕು," ಅಂದಳು. "ನನಗೆ ಬೇಕು ಸರ್."

ಎಷ್ಟು ಜೋರಾಗಿ ಅಂದಳೆಂದರೆ ಹೊರಗಿದ್ದ ಅಟೆಂಡರು ಸುಂದರ, ತನ್ನನ್ನು ಕರೆದದ್ದೆಂದು ಒಳಗೆ ಬಂದ. ಬಂದವನಿಗೆ ಐದು ಕಾಫಿ ತರಲು ಹೇಳಿದರು.

ತಿರುಗಿ ಬರುವಾಗ ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋದೆವು. ದೇವಕಿ ಈಗ ಎಂಎಸ್ಸಿ ಎರಡನೇ ಸೆಮಿಸ್ಟರಿನಲ್ಲಿದ್ದಾಳೆ. ಆಯಿಶತ್ ಶಿಫಾ ಅವಳನ್ನು ಅಕ್ಕ ಎಂದೇ ಕರೆಯುತ್ತಾಳೆ. ಕುಂಬ್ರದ ಗೋಡೆಯಲ್ಲಿ ಪಾಚಿ ಚೆನ್ನಾಗಿ ಉಂಟು, ಪ್ರಸಾದಣ್ಣ ಮೂರನೇ ಸಲ ಬಿದ್ದಿಲ್ಲ. ಇದೆಲ್ಲ ಆಮೇಲಿನದ್ದು. ನನಗೆ ನೆನಪಿರುವುದು ಆ ಹೋಟೆಲಿನ ಮೇಜು.

"ಎಂತ ತಿನ್ತಿ ಮಗಳೇ?" ಅಂದರು ಭಟ್ಟರು.

"ಎಂತ ಬೇಡ ಅಪ್ಪ." ಅಷ್ಟು ಬೇಗ ಅಭ್ಯಾಸ ಬಿಡುತ್ತದೆಯೇ?

"ಎಂತ ತಿನ್ತಿ, ಹೇಳು."

"ಮಸಾಲೆ ದೋಸೆ," ಅಂದಳು.

ಆಮೇಲೂ ಅವರು ನಿಲ್ಲಿಸಲಿಲ್ಲ. ಕಾಫಿಯಾ ಚಾವಾ ಎಂದು ಎರಡು ಸಲ ಕೇಳಿದರು. ಸಕ್ಕರೆ ಬೇಕಾ ಎಂದು ಎರಡು ಸಲ. ಫ್ಯಾನ್ ಜೋರಾಯಿತಾ ಎಂದು ಎರಡು ಸಲ. ಅವಳು ಮೊದಲ ಸಲಕ್ಕೇ ಸರಿಯಾಗಿ ಉತ್ತರ ಹೇಳಿದ್ದನ್ನೂ ಬಿಡದೆ ಇನ್ನೊಮ್ಮೆ ಕೇಳಿದರು. ದೇವಕಿ ಒಂದೊಂದಕ್ಕೂ ಎರಡೆರಡು ಸಲ ಉತ್ತರ ಹೇಳಿದಳು, ಬೇಸರಿಸಲಿಲ್ಲ.

ಬಿಲ್ಲು ತಂದ ಮಾಣಿ ನನ್ನ ಹತ್ತಿರ ಬಗ್ಗಿ ಮೆಲ್ಲ ಕೇಳಿದ. "ಅಜ್ಜನಿಗೆ ಕಿವಿ ಸ್ವಲ್ಪ ಮಂದ ಉಂಟಾ?"

"ಇತ್ತು," ಅಂದೆ. "ಈಗ ಸರಿಯಾಗಿದೆ."